ಪೊರಕೆ ಏರಿದ ಮಾಟಗಾತಿ, ಒಳಗೊಂದು ಬ್ಯಾಟರಿ: 1991ರ 'ಕಾಟನ್' ಗೇಮ್ ಸಾಯದೇ ಉಳಿದದ್ದು ಹೇಗೆ?

ವಿಡಿಯೋ ಗೇಮ್ ಹಳೆಯದಾಗುತ್ತದೆ, ಜನ ಮರೆಯುತ್ತಾರೆ, ಅಂಗಡಿಯಲ್ಲಿ ಸಿಗದೇ ಹೋಗುತ್ತದೆ. ಇದು ನಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೇ ತನ್ನ ಸಾವಿಗೆ ದಿನ ಎಣಿಸುತ್ತಾ ಕುಳಿತ ಗೇಮ್ ಬಗ್ಗೆ ಕೇಳಿದ್ದೀರಾ? ಜಪಾನಿನ ಆರ್ಕೇಡ್‌ಗಳಿಗೆ 1991ರಲ್ಲಿ ಬಂದ 'ಕಾಟನ್: ಫೆಂಟಾಸ್ಟಿಕ್ ನೈಟ್ ಡ್ರೀಮ್ಸ್' ಅಂಥದ್ದೊಂದು. ಪೊರಕೆ ಮೇಲೆ ಕೂತು ಹಾರುವ ಪುಟ್ಟ ಮಾಟಗಾತಿಯ ಈ ಮುದ್ದಾದ ಆಟದ ಸರ್ಕ್ಯೂಟ್ ಬೋರ್ಡ್ ಒಳಗೆ ಒಂದು ಲಿಥಿಯಂ ಬ್ಯಾಟರಿ ಇತ್ತು. ಬ್ಯಾಟರಿ ಮುಗಿದ ದಿನ ಗೇಮ್ ಕೂಡ ಮುಗಿಯುತ್ತಿತ್ತು. ಹೊಸ ಬ್ಯಾಟರಿ ಹಾಕಿದರೂ ಮತ್ತೆ ಏಳುತ್ತಿರಲಿಲ್ಲ.

ಬೇಕೆಂದೇ ಹಾಗೆ ಮಾಡಲಾಗಿತ್ತು. ಯಾಕೆ ಎನ್ನುವುದಕ್ಕೂ, ಈ ಗೇಮ್ ಇವತ್ತಿಗೂ ಆಡಲು ಸಿಗುತ್ತಿರುವುದು ಹೇಗೆ ಎನ್ನುವುದಕ್ಕೂ ಬರುವ ಮೊದಲು ಆಟ ಏನೆಂದು ನೋಡೋಣ.

ಮಿಠಾಯಿಗಾಗಿ ಯುದ್ಧ

ಕಾಟನ್ ಎಂಬುದು ಮಾಟಗಾತಿ ಹುಡುಗಿಯ ಹೆಸರು. ಪೂರ್ತಿ ಹೆಸರು 'ನಾಟಾ ಡೆ ಕಾಟನ್'. ಎಳನೀರಿನಿಂದ ಮಾಡುವ 'ನಾಟಾ ಡೆ ಕೋಕೋ' ಎಂಬ ಜೆಲ್ಲಿಯಂಥ ಸಿಹಿತಿಂಡಿಯ ಹೆಸರನ್ನು ತಿರುಚಿದ ತಮಾಷೆ ಅದು. ಲೋಕಕ್ಕೆ ಕತ್ತಲು ಕವಿದಿದೆ, ಕಾಪಾಡು ಎಂದು ಸಿಲ್ಕ್ ಎಂಬ ಕಿನ್ನರಿ ಕಾಟನ್ ಬಳಿ ಬರುತ್ತಾಳೆ. ಲೋಕ ಹಾಳಾದರೆ ನನಗೇನು ಎನ್ನುವ ಪೈಕಿ ಈ ಹುಡುಗಿ. ಅವಳಿಗೆ ಬೇಕಿರುವುದು 'ವಿಲ್ಲೋ' ಎಂಬ ಮಿಠಾಯಿ ಮಾತ್ರ. ಮಿಠಾಯಿ ಸಿಗುತ್ತದೆ ಎಂಬ ಆಸೆ ತೋರಿಸಿದ ಮೇಲೆಯೇ ಪೊರಕೆ ಮೇಲೇಳುತ್ತದೆ. ವೀರಾಧಿವೀರರೂ ಅಂತರಿಕ್ಷ ನೌಕೆಗಳೂ ತುಂಬಿದ್ದ ಆ ಕಾಲದ ಶೂಟಿಂಗ್ ಗೇಮ್‌ಗಳ ನಡುವೆ ಇಂಥ ಆಸೆಬುರುಕ, ಸಿಡುಕಿನ ನಾಯಕಿ ಎದ್ದು ಕಂಡಳು.

ಜಪಾನಿನ ಸಕ್ಸೆಸ್ ಎಂಬ ಕಂಪನಿ ಇದನ್ನು ತಯಾರಿಸಿತು. ಸೆಗಾ ಕಂಪನಿ ತನ್ನ 'ಸಿಸ್ಟಮ್ 16ಬಿ' ಎಂಬ ಆರ್ಕೇಡ್ ಬೋರ್ಡ್ ಮೇಲೆ ಅದನ್ನು ಹೊರತಂದಿತು. ಪ್ರಕಾರದ ಹೆಸರು ಹಾರಿಜಾಂಟಲ್ ಸ್ಕ್ರೋಲಿಂಗ್ ಶೂಟರ್. ಹಿನ್ನೆಲೆಯ ಕಾಡು, ಮಸಣ, ಬೆಟ್ಟಗಳು ಬಲದಿಂದ ಎಡಕ್ಕೆ ತಾವಾಗಿಯೇ ಸರಿಯುತ್ತಿರುತ್ತವೆ. ನೀವು ನಿಲ್ಲಲು ಆಗುವುದಿಲ್ಲ, ಹಿಂದೆ ಹೋಗಲೂ ಆಗುವುದಿಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತವನಿಗೆ ಊರುಗಳು ಹಾದುಹೋದ ಹಾಗೆ, ಆದರೆ ಪ್ರತಿ ಊರಿನಿಂದಲೂ ಯಾರೋ ಕಲ್ಲು ಬೀಸುತ್ತಿರುತ್ತಾರೆ. ಕೊನಾಮಿಯ 'ಸ್ಕ್ರ್ಯಾಂಬಲ್' (1981) ಈ ಪ್ರಕಾರದ ಮೊದಲಿಗರಲ್ಲಿ ಒಂದು. 'ಗ್ರೇಡಿಯಸ್' (1985) ಮತ್ತು 'ಆರ್-ಟೈಪ್' (1987) ಅದನ್ನು ಉತ್ತುಂಗಕ್ಕೆ ಒಯ್ದವು. ಎರಡರಲ್ಲೂ ನೌಕೆ, ನಕ್ಷತ್ರ, ಲೋಹ. ಅದೇ ಚೌಕಟ್ಟಿಗೆ ಸೆಗಾದ 'ಫೆಂಟಸಿ ಜೋನ್' 1986ರಲ್ಲೇ ಬಣ್ಣಬಣ್ಣದ ಮುದ್ದು ಲೋಕವನ್ನು ತಂದಿತ್ತು. ಕಾಟನ್ ಆ ಸಾಲಿಗೆ ಸೇರುವ ಆಟ. ಆದರೆ ಅದರ ಬಣ್ಣ ನೇರಳೆ, ಕಿತ್ತಳೆ ಮತ್ತು ಕಪ್ಪು. ಮುದ್ದಾಗಿದೆ, ಜೊತೆಗೆ ಸ್ವಲ್ಪ ದೆವ್ವದ ಕಥೆಯಂತೆಯೂ ಇದೆ.

ನಾಣ್ಯ ನುಂಗುವ ಲೆಕ್ಕಾಚಾರ

ಆರ್ಕೇಡ್ ಎಂದರೆ ನಾಣ್ಯ ಹಾಕಿ ಆಡುವ ಜಾಗ. ಮುಂಬೈ, ಪುಣೆ, ಹೈದರಾಬಾದಿನ ಮಾಲ್‌ಗಳ ಗೇಮ್ ಜೋನ್‌ನಲ್ಲಿ ಈಗ ಕಾರ್ಡ್ ಉಜ್ಜುತ್ತೇವೆ. ಜಪಾನಿನಲ್ಲಿ ಒಂದು ಆಟಕ್ಕೆ ಸಾಮಾನ್ಯವಾಗಿ 100 ಯೆನ್ ನಾಣ್ಯ. ಅಂಗಡಿಯವನಿಗೆ ಲಾಭ ಬರಬೇಕಾದರೆ ಒಬ್ಬನೇ ಆಟಗಾರ ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ನಿಲ್ಲಬಾರದು. ಹಾಗೆಂದು ಮೊದಲ ನಿಮಿಷದಲ್ಲೇ ಕೊಂದುಹಾಕಿದರೆ ಅವನು ಮತ್ತೆ ಬರುವುದಿಲ್ಲ. ಸಾಯಬೇಕು, ಆದರೆ 'ಛೇ, ತಪ್ಪು ನನ್ನದೇ, ಇನ್ನೊಂದು ಸಲ ನೋಡೋಣ' ಅನ್ನಿಸಬೇಕು. ಈ ಪ್ರಕಾರದ ಇಡೀ ವಿನ್ಯಾಸ ನಿಂತಿರುವುದು ಈ ಭಾವನೆಯ ಮೇಲೆ.

ಅದಕ್ಕೇ ಶತ್ರುಗಳು ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಿಂದ, ಅದೇ ಹೊತ್ತಿಗೆ ಬರುತ್ತಾರೆ. ಮೊದಲ ಸಲ ಮೋಸ ಅನ್ನಿಸಿದ್ದು ಐದನೇ ಸಲಕ್ಕೆ ಪಾಠವಾಗುತ್ತದೆ. ಚೆನ್ನಾಗಿ ಆಡುವವರು ಇಂಥ ಆಟವನ್ನು ಬಾಯಿಪಾಠ ಮಾಡಿರುತ್ತಾರೆ, ಮಗ್ಗಿ ಹೇಳಿದ ಹಾಗೆ.

ಕಾಟನ್‌ನಲ್ಲಿ ಈ ಬಾಯಿಪಾಠದ ಮೇಲೆ ಒಂದು ಸಣ್ಣ ಜೂಜೂ ಇದೆ. ಸತ್ತ ಶತ್ರುಗಳು ಹರಳುಗಳನ್ನು ಬೀಳಿಸುತ್ತಾರೆ. ಹರಳನ್ನು ಹಾಗೆಯೇ ಎತ್ತಿಕೊಂಡರೆ ಒಂದು ಲಾಭ, ಅದಕ್ಕೇ ಗುಂಡು ಹೊಡೆಯುತ್ತಾ ಹೋದರೆ ಬಣ್ಣ ಬದಲಾಗಿ ಬೇರೊಂದು ಲಾಭ. ಕೆಲವು ಬಣ್ಣ ಅನುಭವದ ಅಂಕ ಕೊಟ್ಟು ನಿಮ್ಮ ಗುಂಡಿನ ಬಲ ಹೆಚ್ಚಿಸುತ್ತವೆ. ಕೆಲವು ಮಂತ್ರಗಳಾಗುತ್ತವೆ. ಬೆಂಕಿಯ ಮಂತ್ರ, ಸಿಡಿಲಿನ ಮಂತ್ರ ಹೀಗೆ. ಗುಂಡಿಯನ್ನು ಒತ್ತಿ ಹಿಡಿದು ಬಿಟ್ಟರೆ ಮಂತ್ರ ಹೊರಡುತ್ತದೆ. ಇಲ್ಲಿರುವ ಬಿಕ್ಕಟ್ಟು ನೋಡಿ: ಬೇಕಾದ ಬಣ್ಣ ಬರಲಿ ಎಂದು ಹರಳಿಗೆ ಹೊಡೆಯುತ್ತಾ ಕೂತರೆ ಶತ್ರುವಿನ ಕಡೆ ಗಮನ ತಪ್ಪುತ್ತದೆ. ಮಿಠಾಯಿ ಆಸೆಗೆ ಹೊರಟ ಹುಡುಗಿಯ ಆಟದಲ್ಲಿ ಆಟಗಾರನೂ ಆಸೆಗೆ ಬಿದ್ದೇ ಸಾಯುತ್ತಾನೆ. ಕಥೆಗೂ ಆಟಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾಗಿರುವುದು ಈಗಿನ ದೊಡ್ಡ ಬಜೆಟ್ ಗೇಮ್‌ಗಳಲ್ಲೂ ಅಪರೂಪ ಎಂದು ನನ್ನ ಅನಿಸಿಕೆ.

ಪ್ರತಿ ಹಂತದ ಕೊನೆಗೆ ಬಾಸ್ ಸತ್ತ ಮೇಲೆ ಆಕಾಶದಿಂದ ಟೀ ಕಪ್‌ಗಳು ಉದುರುತ್ತವೆ! 'ಟೀ ಟೈಮ್' ಎಂದು ಹೆಸರು. ಆಯ್ದುಕೊಂಡರೆ ಬೋನಸ್ ಅಂಕ.

ಬೋರ್ಡ್ ಒಳಗೆ ಏನಿತ್ತು?

ಈಗ ಪೆಟ್ಟಿಗೆಯ ಹಿಂಬಾಗಿಲು ತೆಗೆಯೋಣ. ಆರ್ಕೇಡ್ ಗೇಮ್ ಎಂದರೆ ಮರದ ಪೆಟ್ಟಿಗೆಯೊಳಗೆ ಒಂದು ಟಿವಿ, ಒಂದಿಷ್ಟು ಗುಂಡಿ ಮತ್ತು ಒಂದು ದೊಡ್ಡ ಸರ್ಕ್ಯೂಟ್ ಬೋರ್ಡ್. ಆಟ ಇರುವುದೆಲ್ಲ ಬೋರ್ಡ್‌ನಲ್ಲಿ. ಸೆಗಾದ ಸಿಸ್ಟಮ್ 16 ಕುಟುಂಬದ ಬೋರ್ಡ್‌ಗಳ ಮೇಲೆ 'ಶಿನೋಬಿ', 'ಆಲ್ಟರ್ಡ್ ಬೀಸ್ಟ್', 'ಗೋಲ್ಡನ್ ಆಕ್ಸ್' ಬಂದವು. ಕೊನೆಯದನ್ನು ನಮ್ಮಲ್ಲೂ ಹಲವರು ಕಂಪ್ಯೂಟರ್‌ನಲ್ಲಿ ಆಡಿರುತ್ತೀರಿ. ಈ ಬೋರ್ಡ್‌ನ ಮುಖ್ಯ ಮಿದುಳು ಮೊಟೊರೊಲಾ 68000 ಎಂಬ ಪ್ರೊಸೆಸರ್. ಧ್ವನಿಗೆ ಝಡ್80 ಎಂಬ ಇನ್ನೊಂದು. ಗೇಮ್‌ನ ಪ್ರೋಗ್ರಾಂ, ಚಿತ್ರ, ಸದ್ದು ಎಲ್ಲ 'ರಾಮ್' ಚಿಪ್‌ಗಳಲ್ಲಿ (ಓದಲು ಮಾತ್ರ ಬರುವಂಥವು) ಕೂತಿರುತ್ತವೆ.

ಸಮಸ್ಯೆ ಇದ್ದದ್ದು ಇಲ್ಲೇ. ಆ ಚಿಪ್‌ಗಳನ್ನು ಕಳಚಿ, ಒಳಗಿರುವುದನ್ನು ಓದಿ, ಖಾಲಿ ಚಿಪ್‌ಗೆ ಬರೆದರೆ ನಕಲಿ ಗೇಮ್ ತಯಾರು. ಎಂಬತ್ತರ ದಶಕದಲ್ಲಿ ಹೀಗೆ ನಕಲಿ ಬೋರ್ಡ್ ಮಾಡಿ ಮಾರುವುದು ದೊಡ್ಡ ದಂಧೆಯಾಗಿತ್ತು. ವರ್ಷಗಟ್ಟಲೆ ದುಡಿದು ಮಾಡಿದ ಗೇಮ್‌ನ ಕಳ್ಳ ಪ್ರತಿ ಕಡಿಮೆ ಬೆಲೆಗೆ ಮಾರಾಟವಾಗುತ್ತಿತ್ತು. ಸೆಗಾದ ಸಿಟ್ಟು ಸಹಜವೇ.

ಅದಕ್ಕೆ ಕಂಪನಿ ಕಂಡುಕೊಂಡ ಉಪಾಯ ಹಿಟಾಚಿ ತಯಾರಿಸಿದ 'ಎಫ್‌ಡಿ1094' ಎಂಬ ಮಾಡ್ಯೂಲ್. ನೋಡಲು ದಪ್ಪನೆಯ ಚಿಪ್. ಒಳಗೆ ಮೂರು ಸಂಗತಿಗಳು: 68000 ಪ್ರೊಸೆಸರ್, ಬೀಗ ತೆರೆಯುವ ತರ್ಕದ ಸರ್ಕ್ಯೂಟ್, ಮತ್ತು 8 ಕಿಲೋಬೈಟ್‌ನಷ್ಟು ಬೀಗದ ಕೀಲಿ. ಗೇಮ್‌ನ ಪ್ರೋಗ್ರಾಂ ಅನ್ನು ಗೂಢಲಿಪಿಯಲ್ಲಿ ಬರೆದಿಡುತ್ತಾರೆ. ಚಿಪ್ ಕದ್ದು ಓದಿದರೆ ಸಿಗುವುದು ಅರ್ಥವಿಲ್ಲದ ಸಂಖ್ಯೆಗಳು. ಪ್ರೊಸೆಸರ್ ಒಂದೊಂದು ಆದೇಶ ಓದುವಾಗಲೂ ಕೀಲಿ ಬಳಸಿ ಅಲ್ಲೇ ಬಿಡಿಸಿಕೊಳ್ಳುತ್ತದೆ. ಅದೂ ಆದೇಶಗಳಿಗೆ ಮಾತ್ರ ಬೀಗ. ಚಿತ್ರಗಳಿಗೂ ಸದ್ದಿಗೂ ಬೀಗ ಹಾಕಿರಲಿಲ್ಲ. ಒಂದೊಂದು ಗೇಮ್‌ಗೂ ಬೇರೆ ಕೀಲಿ. ಕಾಟನ್‌ನಲ್ಲಂತೂ ಜಪಾನ್ ಆವೃತ್ತಿಗೊಂದು, ಅಮೆರಿಕ ಆವೃತ್ತಿಗೊಂದು ಬೇರೆ ಬೇರೆ ಮಾಡ್ಯೂಲ್ ಇದ್ದವು.

ಕೀಲಿಯನ್ನು ಎಲ್ಲಿಟ್ಟಿದ್ದರು ಎಂಬುದೇ ಇಲ್ಲಿ ಮುಖ್ಯ. ಶಾಶ್ವತವಾಗಿ ಉಳಿಯುವ ಚಿಪ್‌ನಲ್ಲಿಟ್ಟರೆ ಯಾರಾದರೂ ಬಿಚ್ಚಿ ಓದಬಹುದು. ಹಾಗಾಗಿ ವಿದ್ಯುತ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ರ‍್ಯಾಮ್‌ನಲ್ಲಿ ಇಟ್ಟು, ಅದಕ್ಕೆ ಪುಟ್ಟ ಬ್ಯಾಟರಿ ಜೋಡಿಸಿ, ಎಲ್ಲವನ್ನೂ ಮೊಹರು ಮಾಡಿಬಿಟ್ಟರು. ಬಿಚ್ಚಲು ಹೋಗಿ ಬ್ಯಾಟರಿಯ ಸಂಪರ್ಕ ತಪ್ಪಿದರೆ ಕೀಲಿ ಮಾಯ. ಗೋಡೌನಿನಲ್ಲಿ ಸುಮ್ಮನೆ ಇಟ್ಟಿದ್ದು ಬ್ಯಾಟರಿ ಸತ್ತರೂ ಅಷ್ಟೇ. ಪ್ರೋಗ್ರಾಂ ಹಾಗೇ ಇರುತ್ತದೆ, ಚಿತ್ರ ಇರುತ್ತದೆ, ಹಾಡು ಇರುತ್ತದೆ, ಓದುವ ಕೀಲಿ ಮಾತ್ರ ಇರುವುದಿಲ್ಲ. ಸಂಗ್ರಾಹಕರು ಇದಕ್ಕಿಟ್ಟ ಹೆಸರು 'ಸೂಸೈಡ್ ಬ್ಯಾಟರಿ', ಅಂದರೆ ಆತ್ಮಹತ್ಯಾ ಬ್ಯಾಟರಿ.

ಸೆಗಾ ಒಂದೇ ಹೀಗೆ ಮಾಡಿದ್ದಲ್ಲ. ಕ್ಯಾಪ್‌ಕಾಮ್ ಕಂಪನಿಯ 'ಸಿಪಿಎಸ್-2' ಬೋರ್ಡ್‌ಗಳಲ್ಲೂ ಇದೇ ತಂತ್ರವಿತ್ತು. 1993ರ 'ಸೂಪರ್ ಸ್ಟ್ರೀಟ್ ಫೈಟರ್ 2' ಕೂಡ ಹೀಗೆಯೇ ಬ್ಯಾಟರಿಯ ಆಯಸ್ಸಿನ ಮೇಲೆ ಬದುಕಿದ್ದ ಗೇಮ್.

ಅಂದಿನ ವ್ಯಾಪಾರದ ದೃಷ್ಟಿಯಿಂದ ಇದು ತಪ್ಪೇನಲ್ಲ. ಆರ್ಕೇಡ್ ಗೇಮ್‌ನ ಗಳಿಕೆಯ ಕಾಲ ತೀರಾ ಚಿಕ್ಕದು. ಬ್ಯಾಟರಿ ಅದಕ್ಕಿಂತ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಮೂವತ್ತು ವರ್ಷದ ಮೇಲೆ ಯಾರಾದರೂ ಇದನ್ನು ಆಡಬಯಸುತ್ತಾರೆ ಎಂದು ಆ ಎಂಜಿನಿಯರ್‌ಗಳು ಯೋಚಿಸಿರಲಾರರು.

ಒಂದು ಪಕ್ಕದ ಮಾತು

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನನ್ನ ವಯಸ್ಸಿನವರು, ನನಗಿಂತ ಸ್ವಲ್ಪ ದೊಡ್ಡವರು, ಬೇಸಿಗೆ ರಜೆಯಲ್ಲಿ ಆಡಿದ ಟಿವಿ ಗೇಮ್ ನೆನಪಿದೆಯಾ? ನನಗದು ಸಿಕ್ಕಿದ್ದು ದಾವಣಗೆರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿ. ಹಳದಿ ಕ್ಯಾಸೆಟ್, ಮೇಲೆ '9999 ಇನ್ 1' ಎಂದು ಅಚ್ಚು. ಒಳಗೆ ಇರುವುದು ಹತ್ತಿಪ್ಪತ್ತು ಗೇಮ್, ಉಳಿದದ್ದೆಲ್ಲ ಅವೇ ಹೆಸರು ಬದಲಿಸಿ ಮತ್ತೆ ಮತ್ತೆ. ಮಾರಿಯೋ, ಕಾಂಟ್ರಾ, ಗ್ಯಾಲಗಾ. ಊದಿ ಹಾಕದಿದ್ದರೆ ಓಡುತ್ತಿರಲಿಲ್ಲ. ಅದು ಯಾವುದೋ ಕಂಪನಿಯ ಅಸಲಿ ಮಾಲು ಎಂದೇ ನಾವೆಲ್ಲ ನಂಬಿದ್ದೆವು. ನಿಂಟೆಂಡೊದ ಫ್ಯಾಮಿಕಾಮ್ ಯಂತ್ರದ ನಕಲಿನಲ್ಲಿ, ಕದ್ದು ಬರೆದ ಚಿಪ್‌ಗಳಲ್ಲಿ ಆಡುತ್ತಿದ್ದೆವು ಎಂದು ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ.

ಅಂದರೆ ಸೆಗಾ ಬ್ಯಾಟರಿ ಬೀಗ ಹಾಕಿದ್ದು ಇಂಥ ಕೆಲಸ ಮಾಡುವವರ ವಿರುದ್ಧವೇ. ಬೀಗ ಹಾಕಿದ ಗೇಮ್‌ಗಳು ಸಾಯುವ ಸ್ಥಿತಿಗೆ ಬಂದವು, ಬೀಗವಿಲ್ಲದವು ನಕಲಿಯಾಗಿಯಾದರೂ ದಾವಣಗೆರೆಯ ನಡುಮನೆಗೆ ಬಂದವು. ನಕಲಿಯನ್ನು ಹೊಗಳಲು ಹೇಳುತ್ತಿಲ್ಲ. ಕಾಂಟ್ರಾ ಮಾಡಿದ ಕೊನಾಮಿಗೆ ಆ ಕ್ಯಾಸೆಟ್‌ನಿಂದ ಒಂದು ಪೈಸೆಯೂ ಹೋಗಿಲ್ಲ ಎಂಬುದೂ ಅಷ್ಟೇ ನಿಜ.

ಬೀಗ ಒಡೆದವರು

ತೊಂಬತ್ತರ ದಶಕದ ಕೊನೆಗೆ ಬೋರ್ಡ್‌ಗಳು ಒಂದೊಂದಾಗಿ ಕೈಕೊಡತೊಡಗಿದವು. ಅದೇ ಹೊತ್ತಿಗೆ, 1997ರಲ್ಲಿ, 'ಮೇಮ್' ಎಂಬ ಸಾಫ್ಟ್‌ವೇರ್ ಹುಟ್ಟಿತು. ಹಳೆಯ ಆರ್ಕೇಡ್ ಬೋರ್ಡ್‌ಗಳ ಎಲೆಕ್ಟ್ರಾನಿಕ್ಸ್ ಹೇಗೆ ಕೆಲಸ ಮಾಡುತ್ತಿತ್ತೋ ಹಾಗೆಯೇ ಸಾಮಾನ್ಯ ಕಂಪ್ಯೂಟರ್‌ನಲ್ಲಿ ಅನುಕರಿಸುವುದು ಅದರ ಕೆಲಸ. ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಕಟ್ಟಿದ ಯೋಜನೆ ಇದು. ಎಷ್ಟೋ ಗೇಮ್‌ಗಳು ಓಡಿದವು. ಎಫ್‌ಡಿ1094 ಇದ್ದ ಗೇಮ್‌ಗಳ ಮುಂದೆ ಮಾತ್ರ ಕೆಲಸ ನಿಂತಿತು. ಚಿಪ್‌ನಿಂದ ಪ್ರೋಗ್ರಾಂ ಓದಬಹುದು, ಆದರೆ ಅರ್ಥ ಮಾಡಿಕೊಳ್ಳುವಂತಿಲ್ಲ.

ದಾರಿ ಸಿಕ್ಕಿದ್ದು ಇನ್ನೂ ಜೀವ ಇರುವ ಮಾಡ್ಯೂಲ್‌ಗಳಿಂದ. ಅವನ್ನು ಬಿಚ್ಚುವಂತಿಲ್ಲವಾದ್ದರಿಂದ ಹೊರಗಿನಿಂದಲೇ ಮಾತಾಡಿಸಬೇಕು. ಅದಕ್ಕೆಂದೇ ಮೇಜಿನ ಮೇಲೆ ಪ್ರತ್ಯೇಕ ಸರ್ಕ್ಯೂಟ್ ಕಟ್ಟಿ, ಮಾಡ್ಯೂಲ್‌ಗೆ ಒಂದೊಂದೇ ಸಂಖ್ಯೆ ಕೊಟ್ಟು, ಅದು ಹೇಗೆ ವರ್ತಿಸುತ್ತದೆ ಎಂದು ಬರೆದುಕೊಳ್ಳುತ್ತಾ ಹೋದರು. ಹಾಗೆ ಸಿಕ್ಕ ರಾಶಿ ರಾಶಿ ಉತ್ತರಗಳಿಂದ ಬೀಗದ ಗಣಿತವನ್ನೇ ಹಿಂದಿನಿಂದ ಮುಂದಕ್ಕೆ ಬಿಡಿಸಿದರು. ಒಳಗೆ ಕೂತವನ ಮುಖ ನೋಡದೆ, ಬಾಗಿಲ ಸಂದಿಯಿಂದ ಲಕ್ಷಾಂತರ ಪ್ರಶ್ನೆ ಕೇಳಿ ಅವನ ಗುಟ್ಟು ತಿಳಿದ ಹಾಗೆ. 2000ದ ದಶಕದಲ್ಲಿ ಈ ಕೆಲಸ ಮುಗಿದು, ಒಂದೊಂದೇ ಗೇಮ್‌ನ ಕೀಲಿ ಸಿಗತೊಡಗಿತು.

ಇದರಲ್ಲೊಂದು ಓಟವೂ ಇತ್ತು. ಕೀಲಿ ತಿಳಿಯಲು ಆಯಾ ಗೇಮ್‌ನ, ಆಯಾ ಆವೃತ್ತಿಯ ಮಾಡ್ಯೂಲ್ ಬದುಕಿರಬೇಕು. ಎಲ್ಲೋ ಒಬ್ಬ ಸಂಗ್ರಾಹಕನ ಕಪಾಟಿನಲ್ಲಿ ಕೊನೆಯ ಬ್ಯಾಟರಿ ಸಾಯುವ ಮೊದಲು ಅದು ಮೇಜಿನ ಮೇಲೆ ಬರಬೇಕು. ಕಾಟನ್‌ನ ಮಾಡ್ಯೂಲ್‌ಗಳು ಹೊತ್ತಿಗೆ ಸರಿಯಾಗಿ ಬಂದವು. ಇವತ್ತು ಬ್ಯಾಟರಿ ಸತ್ತ ಕಾಟನ್ ಬೋರ್ಡ್ ಯಾರ ಬಳಿಯಾದರೂ ಇದ್ದರೆ, ಎಫ್‌ಡಿ1094 ತೆಗೆದು ಅದರ ಜಾಗಕ್ಕೆ ಮಾಮೂಲಿ 68000 ಹಾಕಿ, ಬೀಗ ಬಿಡಿಸಿದ ಪ್ರೋಗ್ರಾಂ ಬರೆದ ಚಿಪ್ ಕೂರಿಸಿದರೆ ಗೇಮ್ ಮತ್ತೆ ಏಳುತ್ತದೆ. ಈಗ ಬ್ಯಾಟರಿಯ ಹಂಗಿಲ್ಲ.

ಕಾನೂನು ಏನನ್ನುತ್ತದೆ? ಮೇಮ್ ಸಾಫ್ಟ್‌ವೇರ್ 2016ರಿಂದ ಮುಕ್ತ ಪರವಾನಗಿಯಲ್ಲಿದೆ. ಆದರೆ ಅದರಲ್ಲಿ ಓಡಿಸುವ ಗೇಮ್‌ಗಳ ಹಕ್ಕು ಕಂಪನಿಗಳದ್ದೇ. ಉಳಿಸಿದವರಿಗೆ ಹಕ್ಕಿಲ್ಲ, ಹಕ್ಕಿದ್ದವರು ಉಳಿಸುವ ವ್ಯವಸ್ಥೆ ಮಾಡಿರಲಿಲ್ಲ. ಗಂಟು ಇರುವುದು ಇಲ್ಲಿ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುನ್ನ ಅಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಗ್ರಂಥಾಲಯಗಳು ಇಂಥ ಗೇಮ್‌ಗಳನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಅನುಮತಿ ಕೇಳಿದ್ದವು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ಅದಕ್ಕೆ ಒಪ್ಪಲಿಲ್ಲ.

ಮಾಟಗಾತಿ ಮರಳಿ ಬಂದದ್ದು

ಕಾಟನ್‌ಗೆ ಇನ್ನೊಂದು ಅದೃಷ್ಟವಿತ್ತು. ಆರ್ಕೇಡ್ ಬಿಟ್ಟು ಮನೆಯ ಯಂತ್ರಗಳಿಗೂ ಅದು ಬಂದಿತ್ತು. 1993ರಲ್ಲಿ ಪಿಸಿ ಎಂಜಿನ್‌ನ ಸಿಡಿ ಆವೃತ್ತಿ ಬಂತು, ಅಮೆರಿಕದಲ್ಲೂ ಟರ್ಬೋಡ್ಯುಯೋಗೆ ಬಿಡುಗಡೆಯಾಯಿತು. ಅದೇ ವರ್ಷ ಜಪಾನಿನ ಶಾರ್ಪ್ ಕಂಪನಿಯ 'ಎಕ್ಸ್68000' ಕಂಪ್ಯೂಟರ್‌ಗೂ ಬಂತು. ಈ ಕಂಪ್ಯೂಟರ್ ಬಗ್ಗೆ ಒಂದು ಮಾತು. ಹೆಸರೇ ಹೇಳುವಂತೆ ಅದರ ಮಿದುಳು ಕೂಡ 68000. ಅಂದರೆ ಆರ್ಕೇಡ್ ಬೋರ್ಡ್‌ನಲ್ಲಿ ಇದ್ದ ಪ್ರೊಸೆಸರ್ ಮನೆಯ ಮೇಜಿನ ಮೇಲೇ ಇದ್ದ ಹಾಗೆ. 1987ರಲ್ಲಿ ಬಂದ ಮೊದಲ ಮಾದರಿಯ ಜೊತೆ ಗ್ರೇಡಿಯಸ್ ಗೇಮ್ ಉಚಿತವಾಗಿ ಸಿಗುತ್ತಿತ್ತು. ಶೂಟರ್ ಪ್ರಿಯರಿಗೆ ಅದು ಕನಸಿನ ಯಂತ್ರ. ಜಪಾನಿನ ಹೊರಗೆ ಮಾತ್ರ ಮಾರಾಟಕ್ಕೆ ಬರಲೇ ಇಲ್ಲ.

ಮುಂದೆ ಕಾಟನ್ ಸರಣಿಯಲ್ಲಿ ಹಲವು ಗೇಮ್ ಬಂದವು. 1994ರ 'ಪನೋರಮಾ ಕಾಟನ್' ಪೊರಕೆಯ ಬೆನ್ನ ಹಿಂದಿನಿಂದ ನೋಡುವ ವಿಚಿತ್ರ ಪ್ರಯೋಗ. ಸೆಗಾ ಸ್ಯಾಟರ್ನ್ ಕಾಲದಲ್ಲಿ 'ಕಾಟನ್ 2' ಮತ್ತು 'ಕಾಟನ್ ಬೂಮರಾಂಗ್'. 2000ದಲ್ಲಿ ಡ್ರೀಮ್‌ಕಾಸ್ಟ್‌ಗೆ 'ರೇನ್‌ಬೋ ಕಾಟನ್'. ಆಮೇಲೆ ಸರಣಿ ವರ್ಷಗಟ್ಟಲೆ ತಣ್ಣಗಾಯಿತು. ಹಳೆಯ ಪ್ರತಿಗಳು ಸಂಗ್ರಾಹಕರ ಕೈಯಲ್ಲಿ ದುಬಾರಿ ವಸ್ತುಗಳಾದವು.

ಮತ್ತೆ ಜೀವ ಬಂದಿದ್ದು 2021ರಲ್ಲಿ, 'ಕಾಟನ್ ರೀಬೂಟ್!' ಮೂಲಕ. ಹಳೆಯ ಗೇಮ್‌ಗಳನ್ನೇ ಮಾರುವ ಟೋಕಿಯೊದ ಬೀಪ್ ಎಂಬ ಸಂಸ್ಥೆ ಇದನ್ನು ಹೊರತಂದಿತು. ಒಳಗೆ ಎರಡು ಆಟ. ಒಂದು, ಅಗಲ ಪರದೆಗೆ ಹೊಸದಾಗಿ ಚಿತ್ರ ಬರೆದ ಆವೃತ್ತಿ. ಅದರಲ್ಲಿ ಹರಳಿಗೆ ತಾಗಿದ ಗುಂಡು ಕವಲೊಡೆದು ಪರದೆ ತುಂಬಾ ಹರಡುತ್ತದೆ, ದೀಪಾವಳಿಯ ಹೂಕುಂಡ ಹಚ್ಚಿದ ಹಾಗೆ. ಇನ್ನೊಂದು, ಹಳೆಯದು ಹಳೆಯದರಂತೆಯೇ. ಗಮನಿಸಿ, ಆ ಹಳೆಯದು ಆರ್ಕೇಡ್ ಆವೃತ್ತಿಯಲ್ಲ, ಎಕ್ಸ್68000 ಆವೃತ್ತಿ. ಮೂಲ ಆರ್ಕೇಡ್ ಬೋರ್ಡ್‌ನ ಆಟ ಈ ಅಧಿಕೃತ ಮರುಹುಟ್ಟಿನಲ್ಲಿ ಇಲ್ಲ. ಅದನ್ನು ಜೋಪಾನ ಮಾಡಿದ್ದು ಬೀಗ ಒಡೆದ ಹವ್ಯಾಸಿಗಳೇ.

ರೀಬೂಟ್ ನಂತರ ಹಳೆಯ ಸರಣಿಯ ಹಲವು ಗೇಮ್‌ಗಳು ಈಗಿನ ಯಂತ್ರಗಳಿಗೆ ಬಂದವು. 2021ರ ಕೊನೆಗೆ ಜಪಾನಿನಲ್ಲಿ ಹೊಚ್ಚಹೊಸ ಕಾಟನ್ ಗೇಮ್ ಕೂಡ ಬಿಡುಗಡೆಯಾಯಿತು. ಒಂದು ಕಾಲಕ್ಕೆ ಸಂಗ್ರಾಹಕರಿಗಷ್ಟೇ ಕೈಗೆಟುಕುತ್ತಿದ್ದ ಪನೋರಮಾ ಕಾಟನ್ ಈಗ ಸಾಮಾನ್ಯ ಡೌನ್‌ಲೋಡ್.

ರೀಬೂಟ್ ಆಡಬೇಕೆಂದರೆ ಪ್ಲೇಸ್ಟೇಷನ್ 4 ಅಥವಾ ನಿಂಟೆಂಡೊ ಸ್ವಿಚ್ ಸಾಕು. ಒಂದು ಸಲಹೆ: ಸತ್ತ ಕೂಡಲೇ 'ಕಂಟಿನ್ಯೂ' ಒತ್ತುತ್ತಾ ಹೋಗಬೇಡಿ. ಮನೆಯಲ್ಲಿ ನಾಣ್ಯ ಹಾಕಬೇಕಿಲ್ಲವಾದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಆಟದ ಕೊನೆ ಕಾಣುತ್ತೀರಿ, 'ಇಷ್ಟೇನಾ' ಅನ್ನಿಸುತ್ತದೆ. ಒಂದೇ ನಾಣ್ಯ ಇದೆ ಎಂದುಕೊಂಡು ಆಡಿ, ಸತ್ತರೆ ಮೊದಲಿನಿಂದ. ಹೈದರಾಬಾದಿನ ಗೆಳೆಯನೊಬ್ಬನ ಫ್ಲ್ಯಾಟಿನಲ್ಲಿ ನಾಲ್ಕು ಭಾನುವಾರ ಹೀಗೆ ಆಡಿದ್ದೇನೆ. ಎರಡನೇ ಹಂತದ ಟೀ ಕಪ್‌ಗಳವರೆಗೆ ಬಂದಿದ್ದೇನೆ. ಮೂರನೆಯದರಲ್ಲಿ ಪ್ರತಿ ಸಲವೂ ಯಾವುದೋ ಹರಳಿನ ಬಣ್ಣ ಬದಲಿಸಲು ಹೋಗಿಯೇ ಸತ್ತಿದ್ದೇನೆ.